ಪೌರನೀತಿ ಓದಿದವರೆಲ್ಲ ಓಟು ಹಾಕ್ತಾರಾ?

ಪ್ರತಿ ಚುನಾವಣೆ ಮುಗಿದ ಮರುದಿನ ಬೆಂಗಳೂರಿಗೆ ಬೈಗುಳ ಗ್ಯಾರಂಟಿ. ‘ಓದಿದವರೇ ಓಟು ಹಾಕಲ್ಲ’, ‘ರಜೆ ಕೊಟ್ಟರೆ ಮಡಿಕೇರಿಗೆ ಹೋಗ್ತಾರೆ’ ಎಂಬ ಮಾತು ಪೇಪರಿನಲ್ಲೂ ಬರುತ್ತದೆ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಬರುತ್ತದೆ. ಬೈಯಲು ಕಾರಣವೂ ಇದೆ ಅನ್ನಿ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳಲ್ಲಿ ಮತದಾನ ಶೇ. 53–54ರ ಆಸುಪಾಸಿನಲ್ಲಿ ನಿಂತಿತು. ಅದೇ ದಿನ ಮಂಡ್ಯದಲ್ಲಿ ಶೇ. 81 ದಾಟಿತ್ತು.

ವಾರಾಂತ್ಯದ ಆರೋಪವನ್ನು ಚುನಾವಣಾ ಆಯೋಗ ಒಮ್ಮೆ ಪರೀಕ್ಷೆ ಮಾಡಿಯೂ ನೋಡಿದೆ. 2023ರ ವಿಧಾನಸಭಾ ಚುನಾವಣೆಯನ್ನು ಬೇಕೆಂದೇ ಬುಧವಾರ, ಅಂದರೆ ಮೇ 10ಕ್ಕೆ ಇಟ್ಟಿತು. ಸಾಲು ರಜೆ ಹಾಕಿ ಊರು ಬಿಡಬಾರದು ಎನ್ನುವುದು ಲೆಕ್ಕಾಚಾರ. ರಾಜ್ಯದಲ್ಲಿ ಶೇ. 73ರಷ್ಟು ಮತದಾನವಾಯಿತು. ಬೆಂಗಳೂರು ಮಾತ್ರ ಶೇ. 55ರ ಸುತ್ತಮುತ್ತಲೇ ಉಳಿಯಿತು. ಹಾಗಾದರೆ ಮಡಿಕೇರಿಯೊಂದೇ ಕಾರಣ ಅಲ್ಲ.

ಬೈಗುಳದ ಹಿಂದೆಯೇ ಮದ್ದಿನ ಚೀಟಿಯೂ ಬರುತ್ತದೆ: ‘ಇದನ್ನೆಲ್ಲ ಶಾಲೆಯಲ್ಲೇ ಸರಿಯಾಗಿ ಹೇಳಿಕೊಡಬೇಕು.’ ಕೇಳಲು ಚೆನ್ನಾಗಿದೆ. ಆದರೆ ಪಾಠ ಓದಿದ್ದರಿಂದಲೇ ಮತದಾರರು ಹುಟ್ಟುವುದಾದರೆ, ಡಿಗ್ರಿಗಳು ತುಂಬಿ ತುಳುಕುವ ಬೆಂಗಳೂರು ಮಂಡ್ಯಕ್ಕಿಂತ ಮುಂದಿರಬೇಕಿತ್ತು ಅಲ್ವಾ? ಈ ಮದ್ದನ್ನು ಬೇರೆ ದೇಶಗಳು ಎಷ್ಟೋ ವರ್ಷ ಪ್ರಯೋಗ ಮಾಡಿವೆ. ಅದರ ಫಲಿತಾಂಶ ಕೇಳಿದರೆ ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೆ ಸ್ವಲ್ಪ ಬೇಜಾರಾಗಬಹುದು.

ಇಂಗ್ಲೆಂಡಿನಿಂದ ಶುರು ಮಾಡೋಣ. ಯುವಕರಿಗೆ ರಾಜಕೀಯ ಅಂದರೆ ಆಗುವುದಿಲ್ಲ ಎಂಬ ಚಿಂತೆ ಅಲ್ಲಿ 1990ರ ದಶಕದಲ್ಲಿ ಜೋರಾಗಿತ್ತು. ಬರ್ನಾರ್ಡ್ ಕ್ರಿಕ್ ಎಂಬ ರಾಜ್ಯಶಾಸ್ತ್ರಜ್ಞರ ಅಧ್ಯಕ್ಷತೆಯ ಸಮಿತಿ 1998ರಲ್ಲಿ ವರದಿ ಕೊಟ್ಟಿತು. 2002ರಿಂದ ಮಾಧ್ಯಮಿಕ ಶಾಲೆಗಳಲ್ಲಿ ಪೌರತ್ವ ಎನ್ನುವುದು ಕಡ್ಡಾಯ ವಿಷಯವಾಯಿತು. 2001ರಲ್ಲಿ ಬ್ರಿಟನ್ನಿನ ಮತದಾನ ಸುಮಾರು ಶೇ. 59 ಇತ್ತು. ಎರಡು ದಶಕ ಕಳೆದು, ಆ ಪಾಠ ಓದಿದ ಮಕ್ಕಳೇ ಅಪ್ಪ-ಅಮ್ಮ ಆದ ಮೇಲೆ, 2024ರಲ್ಲಿ ಅದು ಸುಮಾರು ಶೇ. 60. ನಡುವೆ ಏರಿಳಿತ ಇತ್ತು, ನಿಜ. ಆದರೆ ಪಠ್ಯ ಬಂದು ಮತಗಟ್ಟೆ ತುಂಬಿತು ಎಂದು ಯಾರೂ ಹೇಳುವಂತಿಲ್ಲ.

ಅಮೆರಿಕದ ಕಥೆ ಇನ್ನೂ ಹಳೆಯದು. ಅಲ್ಲಿನ ಹೈಸ್ಕೂಲುಗಳಲ್ಲಿ ಪೌರನೀತಿ ಓದಿದವರಿಗೂ ಓದದವರಿಗೂ ರಾಜಕೀಯ ಆಸಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ ಎಂದು 1968ರಲ್ಲೇ ಲ್ಯಾಂಗ್ಟನ್ ಮತ್ತು ಜೆನ್ನಿಂಗ್ಸ್ ಎಂಬ ಸಂಶೋಧಕರು ತೋರಿಸಿದ್ದರು. ಅದರಲ್ಲೊಂದು ಅಪವಾದ ಇತ್ತು. ಕಪ್ಪು ವರ್ಣದ ವಿದ್ಯಾರ್ಥಿಗಳ ಮೇಲೆ ಪಾಠದ ಪರಿಣಾಮ ಕಾಣಿಸಿತ್ತು. ಬಿಳಿಯರ ಮಕ್ಕಳಿಗೆ ಪಾಠದಲ್ಲಿ ಇದ್ದದ್ದೆಲ್ಲ ಮನೆಯಲ್ಲಿ, ಟಿವಿಯಲ್ಲಿ ಮೊದಲೇ ಕೇಳಿದ ವಿಷಯ. ಕಪ್ಪು ವರ್ಣದ ಮಕ್ಕಳಲ್ಲಿ ಹಲವರಿಗೆ ಅದು ಹೊಸದು ಎಂಬುದು ಸಂಶೋಧಕರ ವಿವರಣೆ. ನನಗೆ ಇಡೀ ಅಧ್ಯಯನದಲ್ಲಿ ಮುಖ್ಯ ಅನ್ನಿಸುವುದು ಈ ಅಪವಾದವೇ. ಮನೆಯಲ್ಲಿ ರಾಜಕೀಯದ ಮಾತೇ ಇಲ್ಲದ ಮಗುವಿಗೆ ಶಾಲೆ ನಿಜಕ್ಕೂ ಏನಾದರೂ ಕೊಡಬಲ್ಲದು. ಉಳಿದವರಿಗೆ ಅದು ಅಂಕಗಳ ಲೆಕ್ಕ.

ಪಾಠವನ್ನು ಪರೀಕ್ಷೆ ಮಾಡಿಬಿಟ್ಟರೆ ಏನಾಗುತ್ತದೆ? ಅರಿಜೋನಾ ರಾಜ್ಯ 2015ರಲ್ಲಿ ಅದನ್ನೂ ಮಾಡಿತು. ವಲಸೆ ಬಂದವರು ಪೌರತ್ವ ಪಡೆಯಲು ಬರೆಯುವ ಪರೀಕ್ಷೆಯ ಪ್ರಶ್ನೆಗಳನ್ನೇ ಹೈಸ್ಕೂಲ್ ಮಕ್ಕಳೂ ಪಾಸು ಮಾಡಬೇಕು ಎಂದು ಕಾನೂನು ತಂದಿತು. ಹತ್ತಾರು ರಾಜ್ಯಗಳು ಹಿಂಬಾಲಿಸಿದವು. ಇಂಥ ಪರೀಕ್ಷೆ ತಂದ ರಾಜ್ಯಗಳನ್ನೂ ತರದವನ್ನೂ ಹೋಲಿಸಿ ನೋಡಿದವರಿಗೆ ಯುವಕರ ಮತದಾನದಲ್ಲಿ ಏರಿಕೆ ಕಾಣಲಿಲ್ಲ. ಆಶ್ಚರ್ಯವೇನಿಲ್ಲ. ಎಲ್‌ಎಲ್‌ಆರ್ ಪರೀಕ್ಷೆ ಪಾಸಾದ ಹುಡುಗ ಮಾರನೇ ದಿನವೇ ಸಿಲ್ಕ್‌ಬೋರ್ಡ್ ಜಂಕ್ಷನ್ನಿನಲ್ಲಿ ಗಾಡಿ ಓಡಿಸುತ್ತಾನೆಂದು ನಾವು ನಂಬುತ್ತೇವಾ?

ಈಗ ಉಲ್ಟಾ ಉದಾಹರಣೆ. ಮತದಾನದಲ್ಲಿ ಜಗತ್ತಿಗೇ ಮುಂದಿರುವ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. 2022ರಲ್ಲೂ 2025ರಲ್ಲೂ ಅಲ್ಲಿ ಶೇ. 90ರ ಹತ್ತಿರ ಜನ ಓಟು ಹಾಕಿದರು. ಅಲ್ಲಿನ ಮಕ್ಕಳು ಪೌರನೀತಿಯಲ್ಲಿ ಪಂಡಿತರಾ ಅಂದರೆ, ಇಲ್ಲ. 2024ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಹತ್ತನೇ ತರಗತಿಯವರಲ್ಲಿ ನಿಗದಿತ ಮಟ್ಟ ಮುಟ್ಟಿದವರು ಶೇ. 28 ಮಾತ್ರ. 2019ರಲ್ಲಿ ಇದು ಶೇ. 38 ಇತ್ತು. ಪಾಠ ಕೆಳಗಿಳಿದಿದೆ, ಮತದಾನ ಕದಲಿಲ್ಲ.

ಕಾರಣ ಕಾನೂನು. 1922ರ ಚುನಾವಣೆಯಲ್ಲಿ ಆಸ್ಟ್ರೇಲಿಯಾದಲ್ಲಿ ಮತದಾನ ಶೇ. 60ಕ್ಕಿಂತ ಕೆಳಗೆ ಬಂದಿತ್ತು, ಹೆಚ್ಚುಕಮ್ಮಿ ಇವತ್ತಿನ ಬೆಂಗಳೂರಿನ ಹಾಗೆ. 1924ರಲ್ಲಿ ಒಬ್ಬ ಸೆನೆಟರ್ ಖಾಸಗಿ ಮಸೂದೆ ತಂದರು. ದೊಡ್ಡ ಚರ್ಚೆಯೇ ಇಲ್ಲದೆ ಅದು ಪಾಸಾಯಿತು. ಮತದಾನ ಕಡ್ಡಾಯವಾಯಿತು. 1925ರಲ್ಲಿ ಅಂಕಿ ಶೇ. 91 ದಾಟಿತು. ಒಂದೇ ಒಂದು ಪಾಠ ಬದಲಾಗದೆ, ಮೂರೇ ವರ್ಷದಲ್ಲಿ. ದಂಡವೂ ಭಾರಿ ಏನಲ್ಲ. ಇವತ್ತಿಗೂ ಕೇಂದ್ರ ಚುನಾವಣೆಗೆ 20 ಡಾಲರ್, ಸರಿಯಾದ ಕಾರಣ ಕೊಟ್ಟರೆ ಅದೂ ಇಲ್ಲ.

ಆದರೆ ಅಲ್ಲಿ ಸರ್ಕಾರ ತನ್ನ ಪಾಲಿನ ಕೆಲಸವನ್ನೂ ಮಾಡುತ್ತದೆ. ಮತದಾನ ಶನಿವಾರ. ಆ ದಿನ ಆಗದವರು ಮುಂಚೆಯೇ ಬಂದು ಹಾಕಬಹುದು, ಅಂಚೆಯಲ್ಲೂ ಕಳಿಸಬಹುದು. ಮತಗಟ್ಟೆ ಇರುವ ಶಾಲೆಯ ಅಂಗಳದಲ್ಲಿ ಪೋಷಕರು ಒಲೆ ಹಚ್ಚಿ ಬ್ರೆಡ್ಡಿನಲ್ಲಿ ಸಾಸೇಜ್ ಇಟ್ಟು ಮಾರುತ್ತಾರೆ, ದುಡ್ಡು ಶಾಲೆಗೆ ಹೋಗುತ್ತದೆ. ಅದಕ್ಕೆ ‘ಪ್ರಜಾಪ್ರಭುತ್ವ ಸಾಸೇಜ್’ ಅಂತಲೇ ಹೆಸರು. ನಮ್ಮಲ್ಲೂ 2024ರಲ್ಲಿ ಬೆರಳಿನ ಶಾಯಿ ತೋರಿಸಿದವರಿಗೆ ಪುಕ್ಕಟೆ ದೋಸೆ ಕೊಡಲು ಬೆಂಗಳೂರಿನ ಹೋಟೆಲಿನವರು ಹೈಕೋರ್ಟಿಗೆ ಹೋಗಿ ಅನುಮತಿ ತರಬೇಕಾಯಿತು. ತಿಂಡಿಯ ವಿಷಯದಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ.

ಕಡ್ಡಾಯ ತೆಗೆದರೆ ಏನಾಗುತ್ತದೆ ಎನ್ನುವುದಕ್ಕೆ ತಾಜಾ ಸಾಕ್ಷಿ ಬೆಲ್ಜಿಯಂ. ಅಲ್ಲಿ 1893ರಿಂದ ಮತದಾನ ಕಡ್ಡಾಯ. ಡಚ್ ಮಾತಾಡುವ ಫ್ಲಾಂಡರ್ಸ್ ಪ್ರಾಂತ್ಯ ಮಾತ್ರ 2024ರ ಸ್ಥಳೀಯ ಚುನಾವಣೆಗೆ ಅದನ್ನು ಕೈಬಿಟ್ಟಿತು. ಶೇ. 90ಕ್ಕಿಂತ ಮೇಲಿದ್ದ ಮತದಾನ ಶೇ. 63–64ಕ್ಕೆ ಜಾರಿತು. ಒಂದು ಶತಮಾನದ ರೂಢಿ, ಒಳ್ಳೆಯ ಶಾಲೆಗಳು, ಸಿರಿವಂತ ಸಮಾಜ ಎಲ್ಲ ಇದ್ದೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮನೆಯಲ್ಲೇ ಕುಳಿತರು. ನೆದರ್ಲೆಂಡ್ಸ್ 1970ರಲ್ಲಿ ಕಡ್ಡಾಯ ತೆಗೆದಾಗಲೂ ಇಳಿಯಿತು, ಆದರೆ ಶೇ. 80ರ ಹತ್ತಿರ ನಿಂತಿತು. ಚಿಲಿ 2012ರಲ್ಲಿ ತೆಗೆದು ಪಶ್ಚಾತ್ತಾಪ ಪಟ್ಟು, 2022ರ ಸಂವಿಧಾನ ಜನಮತಗಣನೆಗೆ ಮತ್ತೆ ಕಡ್ಡಾಯ ಮಾಡಿತು. ಶೇ. 85 ದಾಟಿತು.

ಹಾಗಾದರೆ ಇಲ್ಲೂ ಕಡ್ಡಾಯ ಮಾಡಿಬಿಡೋಣ ಅನ್ನುವವರು ಇದ್ದಾರೆ. ಗುಜರಾತ್ ಈ ಕೆಲಸಕ್ಕೆ ಕೈಹಾಕಿತ್ತು. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಕಡ್ಡಾಯ ಮತದಾನದ ಕಾನೂನು ಮಾಡಿ, 100 ರೂಪಾಯಿ ದಂಡ ಅಂತಲೂ ಇಟ್ಟಿತು. 2015ರಲ್ಲಿ ಅಲ್ಲಿನ ಹೈಕೋರ್ಟ್ ತಡೆ ಕೊಟ್ಟಿತು. ಓಟು ಹಾಕುವ ಹಕ್ಕಿನಲ್ಲಿ ಹಾಕದಿರುವ ಹಕ್ಕೂ ಸೇರಿದೆಯಾ ಎನ್ನುವುದು ಅಲ್ಲಿನ ಪ್ರಶ್ನೆ. ನನಗಂತೂ ಬೆಂಗಳೂರಿಗೆ ಈ ದಾರಿ ಸರಿಬರುವುದಿಲ್ಲ ಅನ್ನಿಸುತ್ತದೆ. ಕಾರಣ ತತ್ವದ್ದಲ್ಲ, ಪಟ್ಟಿಯದ್ದು. ದಂಡ ಹಾಕಬೇಕಾದರೆ ಯಾರು ಎಲ್ಲಿದ್ದಾರೆ ಎಂದು ಗೊತ್ತಿರಬೇಕು. ನಮ್ಮ ಮತದಾರರ ಪಟ್ಟಿಗೆ ಅದು ಗೊತ್ತಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಶೇಕಡಾ 54 ಅಂದರೆ ಯಾವುದರಲ್ಲಿ 54? ನಮ್ಮಲ್ಲಿ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಎಷ್ಟು ಜನ ಬಂದರು ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಓಟಿಗೆ ಅರ್ಹರಾದ ಒಟ್ಟು ಜನರಲ್ಲಿ ಎಷ್ಟು ಎಂದು ಹೇಳುತ್ತಾರೆ. 2020ರಲ್ಲಿ ಅಲ್ಲಿ ಸುಮಾರು ಶೇ. 66 ಆಯಿತು ಅನ್ನುವುದು ಈ ಎರಡನೇ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರು ಮೇಲು ಎನ್ನುವುದು ಅರ್ಥವಿಲ್ಲದ ಕೆಲಸ. ಅದಕ್ಕಿಂತ ಮುಖ್ಯವಾದದ್ದು, ಪಟ್ಟಿಯೇ ಉಬ್ಬಿದ್ದರೆ ಶೇಕಡಾ ತಾನಾಗಿಯೇ ಕುಗ್ಗುತ್ತದೆ.

ಬೆಂಗಳೂರಿನ ಪಟ್ಟಿ ಉಬ್ಬುವುದು ಹೇಗೆ ಎಂದು ನಮಗೆಲ್ಲ ಗೊತ್ತು. ಬಾಡಿಗೆ ಮನೆ. ವಿಜಯನಗರದಲ್ಲಿದ್ದಾಗ ಹೆಸರು ಸೇರಿಸಿದವರು ಕೆಂಗೇರಿಗೆ ಹೋದರು, ಅಲ್ಲಿಂದ ವೈಟ್‌ಫೀಲ್ಡ್‌ಗೆ ಹೋದರು. ಹಳೆಯ ಹೆಸರು ಹಳೆಯ ಮತಗಟ್ಟೆಯಲ್ಲೇ ಕೂತಿದೆ. ತೀರಿಕೊಂಡವರ ಹೆಸರೂ ಎಷ್ಟೋ ಸಲ ಹಾಗೇ ಇರುತ್ತದೆ. ಇನ್ನು ಕೆಲಸಕ್ಕೆ ಬಂದವರದ್ದು ಬೇರೆ ಲೆಕ್ಕ. ಹಾಸನದವರು, ಮಂಡ್ಯದವರು, ತುಮಕೂರಿನವರು ಓಟನ್ನು ಊರಲ್ಲೇ ಇಟ್ಟುಕೊಳ್ಳುತ್ತಾರೆ. ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲೂ ಸ್ಯಾಟಲೈಟ್ ನಿಲ್ದಾಣದಲ್ಲೂ ಬಸ್ಸಿಗೆ ನೂಕುನುಗ್ಗಲು ಆಗುವುದು ಸುಮ್ನೆ ಅಲ್ಲ. ಆ ಜನ ಓಟು ಹಾಕದವರಲ್ಲ. ಇಲ್ಲಿ ಹಾಕದವರು. ಅವರಲ್ಲಿ ಇಲ್ಲೂ ಒಂದು ಹೆಸರು ಇರುವವರಿದ್ದರೆ, ಬೆಂಗಳೂರಿನ ಶೇಕಡಾ ಇಳಿಯಿತು, ಊರಿನದ್ದು ಏರಿತು.

ಇದರಿಂದ ಬೆಂಗಳೂರಿನವರೆಲ್ಲ ನಿರ್ದೋಷಿಗಳು ಎಂದೇನೂ ಸಾಬೀತಾಗುವುದಿಲ್ಲ. ‘ಯಾರು ಬಂದ್ರೂ ಅಷ್ಟೇ’ ಎಂದು ಸೋಫಾದಲ್ಲಿ ಕೂತವರು ಬೇಕಾದಷ್ಟು ಇದ್ದಾರೆ. ಆದರೆ ಸೋಮಾರಿತನದ ಪಾಲೆಷ್ಟು, ವಿಳಾಸದ ಪಾಲೆಷ್ಟು ಎಂದು ಬೇರ್ಪಡಿಸದೆ ಶಾಲೆಯ ಮೇಲೆ ಹಾಕುವುದು ಸರಿಯಲ್ಲ.

ವಿಳಾಸದ ಪಾಲು ಎಷ್ಟು ದೊಡ್ಡದು ಎನ್ನುವುದಕ್ಕೆ ಜಪಾನಿನಲ್ಲಿ ಒಳ್ಳೆಯ ಉದಾಹರಣೆ ಸಿಗುತ್ತದೆ. ಅಲ್ಲಿ ಮತದಾನದ ವಯಸ್ಸು 20 ಇತ್ತು. 2016ರಿಂದ 18 ಆಯಿತು. ಆ ವರ್ಷದ ಮೇಲ್ಮನೆ ಚುನಾವಣೆಯಲ್ಲಿ 18 ವರ್ಷದವರು ಸುಮಾರು ಶೇ. 51, 19 ವರ್ಷದವರು ಸುಮಾರು ಶೇ. 42 ಜನ ಓಟು ಹಾಕಿದರು. ಒಂದೇ ವರ್ಷದ ಅಂತರ. ಇಬ್ಬರೂ ಹೆಚ್ಚುಕಮ್ಮಿ ಒಂದೇ ಪಾಠ ಓದಿದವರು. ವ್ಯತ್ಯಾಸ ಎಲ್ಲಿಂದ ಬಂತು? 18ರ ಹುಡುಗ ಇನ್ನೂ ಅಪ್ಪ-ಅಮ್ಮನ ಮನೆಯಲ್ಲಿ, ಹೈಸ್ಕೂಲಿನಲ್ಲಿ ಇರುತ್ತಾನೆ. 19ರವನು ಕಾಲೇಜಿಗೋ ಕೆಲಸಕ್ಕೋ ಟೋಕಿಯೊ, ಒಸಾಕಾದಂಥ ಊರಿಗೆ ಹೋಗಿರುತ್ತಾನೆ. ವಿಳಾಸದ ದಾಖಲೆ ಮಾತ್ರ ಊರಲ್ಲೇ ಇರುತ್ತದೆ. ನಮ್ಮ ಬಿಟಿಎಂ ಲೇಔಟಿನ ಪಿಜಿಗಳಲ್ಲಿರುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಟ್ರಿಯಾ ಇದಕ್ಕೆ ಬೇರೆ ದಾರಿ ಹಿಡಿಯಿತು. 2007ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿತು. ಮಕ್ಕಳಿಗೆ ಏನು ತಿಳಿಯುತ್ತದೆ ಎಂದು ಅಲ್ಲೂ ಗೊಣಗಿದರು. ಆಮೇಲೆ ವಿಯೆನ್ನಾದಲ್ಲಿ ದಾಖಲೆ ತೆಗೆದು ನೋಡಿದರೆ 16–17ರವರು 18–20ರವರಿಗಿಂತ ಜಾಸ್ತಿ ಓಟು ಹಾಕಿದ್ದರು. ಮನೆಯಲ್ಲಿದ್ದಾರೆ, ಶಾಲೆಯಲ್ಲಿದ್ದಾರೆ, ಅಮ್ಮ ಹೊರಟಾಗ ಜೊತೆಗೆ ಹೊರಡುತ್ತಾರೆ. ಮೊದಲ ಓಟು ಹೀಗೆ ಸುಲಭವಾಗಿ ಬಿದ್ದರೆ ಮುಂದೆಯೂ ಬೀಳುವ ಸಾಧ್ಯತೆ ಹೆಚ್ಚು. ಮತದಾನ ಬಹುಪಾಲು ರೂಢಿ ಎನ್ನುವುದು ಹಲವು ದೇಶಗಳ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡ ವಿಷಯ.

ರೂಢಿಯ ಜೊತೆಗೆ ಇನ್ನೊಂದಿದೆ, ಅದು ನೆರೆಹೊರೆಯ ಕಣ್ಣು. 2006ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸಂಶೋಧಕರು ಮನೆಮನೆಗೆ ಬೇರೆ ಬೇರೆ ಥರದ ಪತ್ರ ಕಳಿಸಿದರು. ಏನೂ ಪತ್ರ ಹೋಗದ ಮನೆಗಳಲ್ಲಿ ಶೇ. 30ರಷ್ಟು ಜನ ಓಟು ಹಾಕಿದರು. ‘ಮತದಾನ ನಿಮ್ಮ ಕರ್ತವ್ಯ’ ಎಂದು ಉಪದೇಶ ಬರೆದು ಕಳಿಸಿದ ಮನೆಗಳಲ್ಲಿ ಏರಿಕೆ ಎರಡು ಶೇಕಡಾ ಅಂಶಕ್ಕೂ ಕಡಿಮೆ. ‘ನೀವೂ ನಿಮ್ಮ ಅಕ್ಕಪಕ್ಕದವರೂ ಹಿಂದಿನ ಸಲ ಓಟು ಹಾಕಿದ್ದೀರಾ ಇಲ್ಲವಾ, ಇಲ್ಲಿದೆ ಪಟ್ಟಿ’ ಎಂದು ಕಳಿಸಿದ ಮನೆಗಳಲ್ಲಿ ಎಂಟು ಅಂಶ ಏರಿತು. ಇದನ್ನು ಇಲ್ಲಿ ಮಾಡಿ ಎಂದು ನಾನು ಹೇಳುತ್ತಿಲ್ಲ, ಜಗಳ ಗ್ಯಾರಂಟಿ. ಆದರೆ ಮಂಡ್ಯದ ಹಳ್ಳಿಯಲ್ಲಿ ಯಾರು ಬಂದಿಲ್ಲ ಎಂದು ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತದೆ. ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನವರು ಓಟು ಹಾಕಿದರಾ ಎಂದು ಹದಿಮೂರನೆಯವರಿಗೆ ಗೊತ್ತಾಗುವುದಿಲ್ಲ.

ಹಾಗಾದರೆ ಪೌರನೀತಿ ಪಾಠ ವ್ಯರ್ಥವಾ? ಅಲ್ಲ. ಹೇಗೆ ಕಲಿಸುತ್ತಾರೆ ಎನ್ನುವುದರ ಮೇಲಿದೆ. ಪೌರನೀತಿಯ ಬಗ್ಗೆ ಹಲವು ದೇಶಗಳ ಎಂಟನೇ ತರಗತಿ ಮಕ್ಕಳ ಸಮೀಕ್ಷೆಯೊಂದು ಆಗಾಗ ನಡೆಯುತ್ತದೆ. 2009, 2016, 2022ರಲ್ಲಿ ನಡೆದಿದೆ. ಅದರಲ್ಲಿ ಎದ್ದು ಕಾಣುವುದು ಏನೆಂದರೆ, ತರಗತಿಯಲ್ಲಿ ವಾದ ಮಾಡಲು, ಮೇಷ್ಟ್ರ ಮಾತಿಗೆ ‘ಇಲ್ಲ ಸರ್’ ಎನ್ನಲು ಬಿಡುವ ಕಡೆ ಮಕ್ಕಳ ತಿಳಿವಳಿಕೆ ಹೆಚ್ಚು, ಮುಂದೆ ಓಟು ಹಾಕುತ್ತೇವೆ ಅನ್ನುವವರೂ ಹೆಚ್ಚು. ತಮಾಷೆ ಎಂದರೆ, ಹೆಚ್ಚು ತಿಳಿದ ಮಕ್ಕಳು ಪಕ್ಷ ಸೇರುವುದು, ಚುನಾವಣೆಗೆ ನಿಲ್ಲುವುದು ಬೇಡ ಅನ್ನುವುದೂ ಜಾಸ್ತಿ. ತಿಳಿದಷ್ಟೂ ದೂರದಲ್ಲಿ ನಿಂತು ಓಟು ಹಾಕುವುದು ವಾಸಿ ಅನ್ನಿಸುತ್ತದೋ ಏನೋ.

ವಾದ ಮಾಡಲು ಬಿಡುವುದು ಹೇಗೆ? ಅದಕ್ಕೆ ಜರ್ಮನಿಯಲ್ಲಿ ನಿಯಮ ಇದೆ. ಹಿಟ್ಲರನ ಕಾಲದಲ್ಲಿ ಶಾಲೆಯನ್ನು ಪ್ರಚಾರಕ್ಕೆ ಬಳಸಿದ ನೆನಪು ಅವರಿಗಿತ್ತು. 1976ರಲ್ಲಿ ಬೂಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಶಿಕ್ಷಣ ತಜ್ಞರು ಸೇರಿದರು. ಎಡದವರೂ ಇದ್ದರು, ಬಲದವರೂ ಇದ್ದರು. ಅಲ್ಲಿ ಮೂಡಿದ ಒಮ್ಮತ ಇಷ್ಟು: ಮೇಷ್ಟ್ರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ಹೊರಗೆ ಸಮಾಜದಲ್ಲಿ ಯಾವ ವಿಷಯಕ್ಕೆ ಜಗಳ ಇದೆಯೋ, ತರಗತಿಯಲ್ಲೂ ಅದನ್ನು ಜಗಳವಾಗಿಯೇ ಇಡಬೇಕು, ಒಂದೇ ಉತ್ತರದ ವಿಷಯವಾಗಿಸಬಾರದು. ಮತ್ತು, ಈ ವಿಷಯದಲ್ಲಿ ನನ್ನ ಹಿತ ಎಲ್ಲಿದೆ ಎಂದು ಮಗುವೇ ಕಂಡುಕೊಳ್ಳಲು ಕಲಿಯಬೇಕು. ಇದು ಕಾನೂನಲ್ಲ, ಆದರೂ ಅರ್ಧ ಶತಮಾನದಿಂದ ಅಲ್ಲಿನ ಮೇಷ್ಟ್ರುಗಳ ಕೈಪಿಡಿ.

ಇದನ್ನು ನಮ್ಮ ಕಡೆಗೆ ತಂದು ನೋಡಿ. ಹೆಬ್ಬಾಳದಿಂದ ಸಿಲ್ಕ್‌ಬೋರ್ಡಿಗೆ ಸುರಂಗ ರಸ್ತೆ ಬೇಕಾ ಬೇಡವಾ? ಕಾರಿನವರು ಏನು ಹೇಳುತ್ತಾರೆ, ಬಿಎಂಟಿಸಿ ಬಸ್ಸಿಗೆ ಕಾಯುವವರು ಏನು ಹೇಳುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ನಿರ್ಧಾರ ಯಾರ ಕೈಯಲ್ಲಿದೆ? ಒಂಬತ್ತನೇ ತರಗತಿಯ ಮಕ್ಕಳು ಇದರ ಬಗ್ಗೆ ಎರಡು ಪೀರಿಯಡ್ ವಾದ ಮಾಡಿದರೆ ರಾಜ್ಯ ಸರ್ಕಾರ, ಪಾಲಿಕೆ, ಬಜೆಟ್ ಮೂರೂ ತಲೆಗೆ ಹತ್ತುತ್ತವೆ. ಆದರೆ ನಮ್ಮಲ್ಲಿ ‘ಶಾಲೆಯಲ್ಲಿ ರಾಜಕೀಯ ಬೇಡ’. ಪೋಷಕರಿಗೂ ಭಯ, ಮೇಷ್ಟ್ರಿಗೂ ಭಯ. ಹೀಗಾಗಿ ‘ರಾಜ್ಯಪಾಲರ ಅಧಿಕಾರಗಳನ್ನು ಬರೆಯಿರಿ, ನಾಲ್ಕು ಅಂಕ’ ಅನ್ನುವಲ್ಲಿಗೆ ಪೌರನೀತಿ ಮುಗಿಯುತ್ತದೆ.

ವಿಚಿತ್ರ ನೋಡಿ. ನಮ್ಮಲ್ಲಿ ಮತಗಟ್ಟೆ ಇರುವುದು ಬಹುಪಾಲು ಶಾಲೆಗಳಲ್ಲೇ. ಮತಗಟ್ಟೆಯ ಅಧಿಕಾರಿ ಹೆಚ್ಚಾಗಿ ಮೇಷ್ಟ್ರೇ. ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದ್ದು, ಮತಯಂತ್ರ ಮಾಡುವ ಎರಡು ಕಾರ್ಖಾನೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಪಾಠಕ್ಕೆ ಬೇಕಾದ ಸಾಮಾನೆಲ್ಲ ಮನೆಬಾಗಿಲಲ್ಲಿದೆ. ಆದರೆ ಆ ದಿನ ಮಕ್ಕಳಿಗೆ ರಜೆ.

ಶಾಲಾ ಸಂಸತ್ತು ಇದೆಯಲ್ಲ ಅನ್ನಬಹುದು. ಇದೆ. ಪೆನ್ಸಿಲ್, ಛತ್ರಿ, ಮಾವಿನಹಣ್ಣಿನ ಗುರುತು ಕೊಟ್ಟು, ಮೊಬೈಲಿನಲ್ಲೇ ಮತಯಂತ್ರ ಮಾಡಿ, ಬೆರಳಿಗೆ ಶಾಯಿ ಹಚ್ಚಿ ನಡೆಸುತ್ತಾರೆ. ಮಕ್ಕಳಿಗೆ ಖುಷಿ. ನಾರ್ವೆಯಲ್ಲಿ ನಡೆಯುವ ಶಾಲಾ ಚುನಾವಣೆ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಮಕ್ಕಳು ಅಸಲಿ ಪಕ್ಷಗಳಿಗೇ ಓಟು ಹಾಕುತ್ತಾರೆ. ಅದಕ್ಕೆ ಮುಂಚೆ ಪಕ್ಷಗಳ ಯುವ ಘಟಕದವರು ಶಾಲೆಗೆ ಬಂದು ವೇದಿಕೆಯಲ್ಲಿ ಕಿತ್ತಾಡುತ್ತಾರೆ. ಫಲಿತಾಂಶ ದೊಡ್ಡವರ ಚುನಾವಣೆಗೆ ಮೊದಲೇ ಟಿವಿ ಸುದ್ದಿಯಾಗುತ್ತದೆ. ನಮ್ಮ ಶಾಲಾ ಪ್ರಧಾನಿಗೆ ಕೊನೆಗೆ ಸಿಗುವುದು ಬೆಳಗಿನ ಪ್ರಾರ್ಥನೆಯ ಸಾಲು ನೋಡಿಕೊಳ್ಳುವ ಕೆಲಸ.

ನಿಜವಾದ ಅಧಿಕಾರದ ಮುಂದೆ ಮಕ್ಕಳನ್ನು ನಿಲ್ಲಿಸುವ ವ್ಯವಸ್ಥೆ ಕರ್ನಾಟಕದಲ್ಲಿ ಇಲ್ಲದಿಲ್ಲ. ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆಗೆ ಕಾಂಪೌಂಡ್ ಇಲ್ಲ, ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲಿಸುವುದಿಲ್ಲ ಎಂದು ಮಕ್ಕಳು ಪಂಚಾಯ್ತಿ ಅಧ್ಯಕ್ಷರನ್ನೂ ಪಿಡಿಒ ಅವರನ್ನೂ ಎದುರಿಗೇ ಕೇಳುತ್ತಾರೆ. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಎಂದಲ್ಲ. ಎಷ್ಟೋ ಕಡೆ ಅದು ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಆದರೂ ಹಳ್ಳಿಯ ಆರನೇ ಕ್ಲಾಸಿನ ಹುಡುಗಿಗೆ ಪ್ರಶ್ನೆ ಕೇಳಲು ಒಬ್ಬ ಚುನಾಯಿತ ವ್ಯಕ್ತಿ ಇದ್ದಾರೆ.

ಬೆಂಗಳೂರಿನ ಆರನೇ ಕ್ಲಾಸಿನ ಹುಡುಗಿ ಯಾರನ್ನು ಕೇಳಬೇಕು? ಬಿಬಿಎಂಪಿಯ 198 ವಾರ್ಡುಗಳಿಗೆ ಕೊನೆಯ ಸಲ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ. ವಾರ್ಡು ಎಷ್ಟಿರಬೇಕು, ಮೀಸಲಾತಿ ಹೇಗಿರಬೇಕು ಎಂದು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. 2015ರ ಆ ಚುನಾವಣೆಯಲ್ಲಿ ಹದಿನೇಳು ವರ್ಷವಾಗಿದ್ದ ಹುಡುಗ 27 ದಾಟಿದರೂ ಕಾರ್ಪೊರೇಟರಿಗೆ ಒಂದು ಓಟು ಹಾಕಿರಲಿಲ್ಲ. ಕಾಲೇಜಿನಲ್ಲೂ ಅವನಿಗೆ ಅಭ್ಯಾಸ ಸಿಕ್ಕಿರಲಿಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕಗಳ ಮೇಲಾಗಿದೆ. ಗಲಾಟೆ, ಹೊಡೆದಾಟದ ಕಾರಣಕ್ಕೆ ನಿಲ್ಲಿಸಿದರು. ಕಾರಣ ಸುಳ್ಳಲ್ಲ, ಆದರೆ ಬದಲಿಗೆ ಏನನ್ನೂ ಇಡಲಿಲ್ಲ.

ರೂಢಿ ಚಿಕ್ಕ ಚುನಾವಣೆಗಳಲ್ಲಿ ಬೆಳೆಯುವಂಥದ್ದು. ಮನೆ ಮುಂದಿನ ಚರಂಡಿ, ಕಸದ ಗಾಡಿ, ಬೀದಿದೀಪಕ್ಕೆ ಉತ್ತರ ಹೇಳಬೇಕಾದವರ ಚುನಾವಣೆ ಅದು. ಅದನ್ನೇ ಹತ್ತು ವರ್ಷ ನಡೆಸದೆ, ಐದು ವರ್ಷಕ್ಕೊಮ್ಮೆ ಬರುವ ಲೋಕಸಭೆಯ ದಿನ ಯುವಕರು ಬರಲಿಲ್ಲ ಎಂದು ಪಠ್ಯಪುಸ್ತಕವನ್ನು ದೂರುತ್ತಿದ್ದೇವೆ.

ಇನ್ನು ಕೈಗೆಟುಕುವ ಕೆಲಸ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಈಗ 17 ತುಂಬಿದವರೇ ಮುಂಗಡವಾಗಿ ಅರ್ಜಿ ಹಾಕಬಹುದು. 18 ತುಂಬಿತಾ ಎಂದು ನೋಡಲು ಮೊದಲಿನ ಹಾಗೆ ಜನವರಿ 1ಕ್ಕೇ ಕಾಯಬೇಕಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖುಗಳೂ ಲೆಕ್ಕಕ್ಕೆ ಬರುತ್ತವೆ. ಹೊಸ ಹೆಸರಿಗೆ ನಮೂನೆ 6, ಮನೆ ಬದಲಿಸಿದವರಿಗೆ ನಮೂನೆ 8. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ಅಲ್ಲಿನ ವಿಳಾಸದಲ್ಲೇ ಹೆಸರು ಸೇರಿಸಿಕೊಳ್ಳಬಹುದು. ದ್ವಿತೀಯ ಪಿಯುಸಿಯ ತರಗತಿಯಲ್ಲಿ ಒಂದು ಪೀರಿಯಡ್ ತೆಗೆದಿಟ್ಟು, ಎಲ್ಲರೂ ಕೂತು ನಮೂನೆ 6 ತುಂಬಿದರೆ ಸಾಕು. ರಾಜ್ಯಪಾಲರ ಅಧಿಕಾರಗಳನ್ನು ಮರುದಿನ ಬರೆಸಬಹುದು.